ಫ್ಯಾನ್ಸಿ ನಂಬರಿಗೆ ಬೆಲೆ ಬರುವುದು ಎಲ್ಲಿಂದ? ಕಾರು ಮಾರುವಾಗ ಆ ದುಡ್ಡು ವಾಪಸ್ ಸಿಗುತ್ತದಾ?

ಪ್ರಶ್ನೆ: ನಾವು ಕಲಬುರಗಿಯವರು. ಹೊಸ ಕಾರು ಬುಕ್ ಮಾಡಿದ್ದೇವೆ, ಮುಂದಿನ ತಿಂಗಳು ಕೈಗೆ ಬರುತ್ತದೆ. ಅಪ್ಪನಿಗೆ ಕೂಡಿದರೆ 9 ಬರುವ ನಂಬರ್ ಬೇಕು. ತಮ್ಮನಿಗೆ 9999 ಇಲ್ಲವೇ 8055 ಬೇಕು. ಪರಿಚಯದ ಏಜೆಂಟ್ ಒಬ್ಬರು, ‘ಎಷ್ಟಾದರೂ ಆಗಲಿ, ಒಳ್ಳೆ ನಂಬರ್ ಹಿಡೀರಿ, ಮಾರುವಾಗ ಡಬಲ್ ಬರ್ತದ’ ಅಂತಾರೆ. ನಾಲ್ಕು ಅಂಕಿಗೆ ಅಷ್ಟು ಬೆಲೆ ಯಾಕೆ? ಹಾಕಿದ ದುಡ್ಡು ನಿಜವಾಗಿಯೂ ತಿರುಗಿ ಬರುತ್ತದಾ?

ಉತ್ತರ: ಕೊನೆಯ ಪ್ರಶ್ನೆಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ಡಬಲ್ ಬರುವ ಮಾತು ಬಿಡಿ, ಹಾಕಿದ್ದರಲ್ಲಿ ಅರ್ಧ ವಾಪಸ್ ಬರುತ್ತದೆ ಅಂತಲೂ ಲೆಕ್ಕ ಹಾಕಿಕೊಳ್ಳಬೇಡಿ. ಹಾಗಂತ ನಂಬರಿಗೆ ಬೆಲೆಯೇ ಇಲ್ಲ ಅಂತಲ್ಲ. ಬೆಲೆ ಇದೆ, ಅದು ಸುಳ್ಳಲ್ಲ. ಆದರೆ ಅದು ನಿಮ್ಮ ಮನೆಯವರಿಗೆ ಮತ್ತು ನಿಮ್ಮ ಊರಿನವರಿಗೆ ಇರುವ ಬೆಲೆ. ಅದನ್ನು ಹೊರಗೆ ಮಾರಿ ಕಾಸು ಮಾಡಿಕೊಳ್ಳುವ ದಾರಿ ನಮ್ಮಲ್ಲಿ ಬಹಳ ಸಣ್ಣದು. ವಾಹನ ನೋಂದಣಿಯ ಕಾಗದಪತ್ರಗಳ ನಡುವೆಯೇ ಇರುವವನು ನಾನು. ಈ ವ್ಯತ್ಯಾಸ ಗೊತ್ತಿಲ್ಲದೆ ಜನ ಸಾಲ ಮಾಡಿ ನಂಬರ್ ತೆಗೆದುಕೊಳ್ಳುವುದನ್ನು ನೋಡಿದರೆ ಸಂಕಟವಾಗುತ್ತದೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ.

ನೀವು ದುಡ್ಡು ಕೊಟ್ಟು ತೆಗೆದುಕೊಳ್ಳುವುದು ಏನನ್ನು ಅಂತ ಮೊದಲು ನೋಡೋಣ. ಕೆಎ ಅಂದರೆ ರಾಜ್ಯ. ಅದರ ಮುಂದಿನ 32 ಕಲಬುರಗಿ ಆರ್‌ಟಿಒ. ಯಾದಗಿರಿಗೆ 33, ಬೀದರ್‌ಗೆ 38, ಭಾಲ್ಕಿಗೆ 39, ಬಸವಕಲ್ಯಾಣಕ್ಕೆ 56. ಆಮೇಲೆ ಬರುವ ಅಕ್ಷರ ಸೀರೀಸ್ ಹೇಳುತ್ತದೆ. ಸಾರಿಗೆ ಸಂಸ್ಥೆಯ ಬಸ್ಸಿಗೆ ಎಫ್, ಸರ್ಕಾರಿ ಗಾಡಿಗೆ ಜಿ, ಖಾಸಗಿ ಕಾರಿಗೆ ಎಂ, ಎನ್ ಇತ್ಯಾದಿ. ಇದರಲ್ಲಿ ಯಾವುದೂ ನಿಮ್ಮ ಆಯ್ಕೆಯಲ್ಲ. ಕೊನೆಯ ನಾಲ್ಕು ಅಂಕಿ ಮಾತ್ರ ನಿಮ್ಮದು. ಬ್ರಿಟನ್‌ನಲ್ಲಿ ಅಕ್ಷರ, ಅಂಕಿ ಹೊಂದಿಸಿ ಹೆಸರಿನ ಹಾಗೆ ಓದಿಸಿಕೊಳ್ಳುವ ಪ್ಲೇಟ್ ಸಿಗುತ್ತದೆ. ನಮ್ಮಲ್ಲಿ ಆ ಅವಕಾಶ ಇಲ್ಲ. ಒಂದು ಸೀರೀಸ್‌ನಲ್ಲಿ 1ರಿಂದ 9999ರವರೆಗೆ ಏನಿದೆಯೋ ಅಷ್ಟರಲ್ಲೇ ಆರಿಸಿಕೊಳ್ಳಬೇಕು.

ಈ 9,999ರಲ್ಲಿ ಕಣ್ಣಿಗೆ ಹೊಡೆಯುವ ನಂಬರ್ ಎಷ್ಟಿವೆ? ಕಾಗದ ಪೆನ್ನು ಹಿಡಿದು ಕೂತರೆ ನೀವೇ ಎಣಿಸಬಹುದು. 1ರಿಂದ 9ರವರೆಗಿನ ಒಂಟಿ ಅಂಕಿ ಒಂಬತ್ತು. 1111, 2222 ಥರದವು ಒಂಬತ್ತು. 1000, 2000 ಥರದವು ಒಂಬತ್ತು. 4545 ಹಾಗೆ ಜೋಡಿ ಮರುಕಳಿಸುವಂಥವು ತೊಂಬತ್ತು. 4455 ಹಾಗಿನವು ತೊಂಬತ್ತು. 4554 ಹಾಗೆ ಹಿಂದು ಮುಂದು ಒಂದೇ ಓದಿಸುವವು ತೊಂಬತ್ತು. ಎಲ್ಲಾ ಸೇರಿಸಿದರೂ 297. ಅಂದರೆ ನೂರರಲ್ಲಿ ಮೂರು. ಉಳಿದ ತೊಂಬತ್ತೇಳು ಯಾರ ನೆನಪಿನಲ್ಲೂ ನಿಲ್ಲದ ನಂಬರುಗಳು.

ಬೆಲೆಗೆ ಮೊದಲ ಕಾರಣ ಇದೇ, ಅಪರೂಪ. ಆದರೆ ಅಪರೂಪ ಒಂದೇ ಸಾಲದು. 7316 ಕೂಡ ಒಂದು ಸೀರೀಸಿಗೆ ಒಂದೇ ಇರುತ್ತದೆ. ಅದನ್ನು ಯಾರೂ ಕೇಳುವುದಿಲ್ಲ. ಇನ್ನೊಂದು ವಿಷಯ, 9999 ಅನ್ನುವುದು ಜಿಲ್ಲೆಗೆ ಒಂದೇ ಅಂತ ಎಷ್ಟೋ ಜನ ತಿಳಿದಿದ್ದಾರೆ. ಹಾಗಿಲ್ಲ. ಒಂದು ಸೀರೀಸ್ ಮುಗಿದು ಮುಂದಿನ ಅಕ್ಷರ ಶುರುವಾದರೆ ಮತ್ತೆ ಒಂದು 0001, ಮತ್ತೆ ಒಂದು 9999 ಬರುತ್ತವೆ. ಬೈಕ್‌ಗಳಿಗೆ ಬೇರೆ ಸೀರೀಸ್, ಲಾರಿಗೆ ಬೇರೆ. ಕಲಬುರಗಿ ರಸ್ತೆಯಲ್ಲಿ 9999 ಇರುವ ಕಾರು, ಬುಲೆಟ್, ಟಿಪ್ಪರ್ ಮೂರೂ ಒಂದೇ ಸಿಗ್ನಲ್‌ನಲ್ಲಿ ನಿಂತಿರಬಹುದು. ನಿಮ್ಮ ತಮ್ಮನಿಗೆ ಇದನ್ನು ಹೇಳಿ.

ಹಾಗಾದರೆ ಜನ ಲಕ್ಷ ಲಕ್ಷ ಕೊಡುವುದು ಯಾಕೆ? ನನ್ನ ಪ್ರಕಾರ ದೊಡ್ಡ ಕಾರಣ ಗುರುತು. ನಮ್ಮ ಕಡೆ ಗಾಡಿ ನೋಡಿ ಮನುಷ್ಯನನ್ನು ಗುರುತಿಸುವ ರೂಢಿ ಹಳೆಯದು. ತೊಗರಿ ವ್ಯಾಪಾರ ಮಾಡುವವರು, ಗುತ್ತಿಗೆದಾರರು, ಲಾರಿ ಮಾಲೀಕರು, ರಾಜಕೀಯದವರು, ಇವರ ಮನೆಗಳಲ್ಲಿ ಒಂದು ನಂಬರ್ ಹಿಡಿದರೆ ಅದನ್ನೇ ಹಿಡಿದುಕೊಂಡು ಹೋಗುತ್ತಾರೆ. ಅಜ್ಜನ ಜೀಪಿಗೆ 555 ಇತ್ತು ಅಂದುಕೊಳ್ಳಿ. ಅಪ್ಪನ ಅಂಬಾಸಿಡರ್‌ಗೂ ಅದೇ, ಮಗನ ಸ್ಕಾರ್ಪಿಯೋಗೂ ಅದೇ, ಹೊಲಕ್ಕೆ ಹೋಗುವ ಟ್ರ್ಯಾಕ್ಟರ್‌ಗೂ ಅದೇ. ಎಪಿಎಂಸಿ ಗೇಟಿನಲ್ಲಿ ಗಾಡಿ ತಿರುಗುವಾಗಲೇ ಹಮಾಲರು ‘ಸಾವ್ಕಾರ್ರು ಬಂದ್ರು’ ಅಂತ ಎದ್ದು ನಿಲ್ಲುತ್ತಾರೆ. ಮುಖ ನೋಡಿರುವುದಿಲ್ಲ, ನಂಬರ್ ನೋಡಿರುತ್ತಾರೆ. ಆ ಮನೆಗೆ 0555 ಅನ್ನುವುದು ಅಂಗಡಿಯ ಬೋರ್ಡಿನಷ್ಟೇ ಮುಖ್ಯ. ಹೊಸ ಕಾರಿಗೆ ಅದು ಬೇಕು ಅಂದಾಗ ಅವರು ಎರಡನೇ ಆಯ್ಕೆ ಕೊಡುವುದಿಲ್ಲ. ಪಕ್ಕದ ಮನೆಯವರಿಗೆ ಅದೇ 0555 ಸುಮ್ನೆ ಕೊಟ್ಟರೂ ವಿಶೇಷ ಏನಿಲ್ಲ.

ಈ ಥರದ ಬೆಲೆಯನ್ನು ನಾನು ಮನಸ್ಸಾರೆ ಗೌರವಿಸುತ್ತೇನೆ. ಅದು ಬರೀ ಶೋಕಿ ಅಲ್ಲ. ಎರಡು ಮೂರು ತಲೆಮಾರು ಒಂದೇ ಅಂಕಿಯನ್ನು ಹೊತ್ತು ದುಡಿದು ಗಳಿಸಿದ ಹೆಸರು ಅದು. ಆದರೆ ಗಮನಿಸಿ, ಆ ಬೆಲೆ ಹುಟ್ಟಿದ್ದು ನಂಬರಿನಿಂದ ಅಲ್ಲ, ಮನೆತನದಿಂದ. ಆ ಕಾರನ್ನು ಬೇರೆಯವರಿಗೆ ಮಾರಿದರೆ ಆ ಬೆಲೆ ಕಾರಿನ ಜೊತೆ ಹೋಗುವುದಿಲ್ಲ.

ಎರಡನೇ ದೊಡ್ಡ ಕಾರಣ ನಂಬಿಕೆ. ಇದರಲ್ಲಿ ಕಲಬುರಗಿ, ಬೀದರ್, ಯಾದಗಿರಿ, ನಮ್ಮ ಈ ಮೂರು ಜಿಲ್ಲೆಗಳಷ್ಟು ಬಣ್ಣ ಬೇರೆ ಕಡೆ ಕಡಿಮೆ. ಬಂದೇನವಾಜ್ ದರ್ಗಾದ ಊರು ನಮ್ಮದು. 786 ಇಲ್ಲಿ ಆಟೊ, ಲಾರಿ, ಕಾರು ಎಲ್ಲದಕ್ಕೂ ಬೇಡಿಕೆ ಇರುವ ನಂಬರ್. ಅರಬಿ ಅಕ್ಷರಗಳಿಗೆ ಅಂಕಿ ಕಟ್ಟುವ ಅಬ್ಜದ್ ಲೆಕ್ಕದಲ್ಲಿ ಬಿಸ್ಮಿಲ್ಲಾ ವಾಕ್ಯದ ಒಟ್ಟು ಮೊತ್ತ 786. ಅದೇ ಲೆಕ್ಕದಲ್ಲಿ 92 ಪ್ರವಾದಿಯವರ ಹೆಸರು, 110 ಅಲಿಯವರ ಹೆಸರು. ಬೀದರ್‌ಗೆ ಹೋದರೆ ಗುರುದ್ವಾರ ನಾನಕ್ ಝಿರಾ ಸಾಹಿಬ್ ಇದೆ. ಎಷ್ಟೋ ಕಡೆ ಜನ 13 ಅಂದರೆ ಹಿಂದೆ ಸರಿಯುತ್ತಾರೆ. ಸಿಖ್ಖರಿಗೆ 13 ಗುರುನಾನಕರನ್ನು ನೆನಪಿಸುವ ಅಂಕಿ, ಅದನ್ನೇ ಹುಡುಕುತ್ತಾರೆ. ಏಪ್ರಿಲ್ 14 ಅಂಬೇಡ್ಕರ್ ಜಯಂತಿ, ಹಾಗಾಗಿ 1404ಕ್ಕೂ ಅದರದೇ ಆದ ತೂಕ ಇದೆ. ಬಾಬಾಸಾಹೇಬರು ನಾಗಪುರದಲ್ಲಿ ಬೌದ್ಧ ಧರ್ಮ ಸ್ವೀಕರಿಸಿದ 1956ಕ್ಕೂ ಹಾಗೆಯೇ. ಇನ್ನು 371 ಅಂದರೆ ಏನು ಅಂತ ಕಲ್ಯಾಣ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾ? ಸಂವಿಧಾನದ 371 ಜೆ ವಿಧಿ ಬಂದ ಮೇಲೆ ನಮ್ಮ ಮಕ್ಕಳಿಗೆ ಸೀಟು, ನೌಕರಿ ಸಿಕ್ಕಿವೆ. 1709 ಕೂಡ ಹಾಗೇ, ಸೆಪ್ಟೆಂಬರ್ 17 ನಮ್ಮ ವಿಮೋಚನೆಯ ದಿನ. ಈ 371, 1709 ನಂಬರುಗಳನ್ನು ಮಂಗಳೂರಿನ ಹರಾಜಿನಲ್ಲಿ ಇಟ್ಟು ನೋಡಿ. ಕೈ ಎತ್ತುವವರು ಕಡಿಮೆ.

8ರ ಕಥೆ ನೋಡಿದರೆ ಇದು ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ನಮ್ಮ ಸಂಖ್ಯಾಶಾಸ್ತ್ರದವರು 8 ಶನಿಯ ಅಂಕಿ, ಬೇಡ ಅಂತಾರೆ. ಕೂಡಿದರೆ 8 ಬರುವ ನಂಬರ್ ಬಂತು ಅಂತ ಮುಖ ಸಪ್ಪಗೆ ಮಾಡಿಕೊಂಡು ಹೋಗುವವರನ್ನು ಶೋರೂಮಿನಲ್ಲಿ ನೋಡಬಹುದು. ಹಾಂಗ್‌ಕಾಂಗ್‌ನಲ್ಲಿ 8 ಸಿರಿ ಸಂಪತ್ತಿನ ಅಂಕಿ. ಅಲ್ಲಿ 2016ರಲ್ಲಿ ಬರೀ 28 ಅನ್ನುವ ಪ್ಲೇಟ್ 1.81 ಕೋಟಿ ಹಾಂಗ್‌ಕಾಂಗ್ ಡಾಲರ್‌ಗೆ ಹೋಯಿತು. ಅಂಕಿ ಒಂದೇ, ಊರು ಬೇರೆ, ಬೆಲೆ ಬೇರೆ.

ಈಗ ದುಡ್ಡಿನ ವಿಷಯಕ್ಕೆ ಬರೋಣ. ಫ್ಯಾನ್ಸಿ ನಂಬರಿಗೆ ಸರ್ಕಾರ ಒಂದು ಕನಿಷ್ಠ ಮೊತ್ತ ಇಡುತ್ತದೆ. ಅದು ಆಜೀವ ತೆರಿಗೆಯ ಜೊತೆ ಸೇರಿದ್ದಲ್ಲ, ಬೇರೆಯೇ ಕಟ್ಟಬೇಕು. ಒಂದೇ ನಂಬರನ್ನು ಇಬ್ಬರು ಮೂವರು ಕೇಳಿದರೆ ಹರಾಜು. ಒಬ್ಬರೇ ಕೇಳಿದರೆ ಕನಿಷ್ಠ ಮೊತ್ತಕ್ಕೇ ಸಿಗುತ್ತದೆ. ಇಲ್ಲಿ ಒಂದು ಗುಟ್ಟು ಇದೆ. ಹರಾಜಿನಲ್ಲಿ ಬೆಲೆ ಕಟ್ಟುವುದು ಗೆದ್ದವನಲ್ಲ, ಸೋತ ಎರಡನೆಯವನು. ಗಣೇಶ ಚೌತಿಯ ಲಡ್ಡು ಸವಾಲು ನೆನಪಿಸಿಕೊಳ್ಳಿ. ಹೈದರಾಬಾದಿನ ಬಾಲಾಪುರದಲ್ಲಿ 1994ರಲ್ಲಿ 450 ರೂಪಾಯಿಗೆ ಹೋದ ಲಡ್ಡು 2024ರಲ್ಲಿ 30 ಲಕ್ಷ ದಾಟಿತು. ಹಿಟ್ಟು, ಸಕ್ಕರೆ, ತುಪ್ಪದ ಬೆಲೆ ಅಷ್ಟು ಏರಲಿಲ್ಲ. ಬಿಟ್ಟುಕೊಡದೆ ಕೂಗುವ ಎರಡನೇ ಮನುಷ್ಯ ಅಲ್ಲಿ ಪ್ರತಿ ವರ್ಷ ಇರುತ್ತಾನೆ, ಅಷ್ಟೇ.

ನಂಬರ್ ಹರಾಜೂ ಹಾಗೇ. ಬೆಂಗಳೂರಿನ ಆರ್‌ಟಿಒಗಳಲ್ಲಿ 0001ಕ್ಕೆ ಕೂಗುವವರು ಎಷ್ಟೋ ಜನ. ಯಾದಗಿರಿಯಲ್ಲಿ ಸೀರೀಸ್ ನಿಧಾನಕ್ಕೆ ಓಡುತ್ತದೆ, ಅಲ್ಲಿ ಒಳ್ಳೆ ನಂಬರ್ ಬರುವುದೇ ಅಪರೂಪ. ಆದರೂ ಅಲ್ಲಿ ಬೆಲೆ ಏರುವುದು ಕಷ್ಟ, ಯಾಕೆಂದರೆ ಎದುರು ಕೂಗುವವರು ಕಡಿಮೆ. ಹಾಗಾಗಿ ನಮ್ಮ ಜಿಲ್ಲೆಗಳಲ್ಲಿ ‘ಈ ನಂಬರಿಗೆ ಬೆಂಗಳೂರಲ್ಲಿ ಇಷ್ಟು ಲಕ್ಷ’ ಅನ್ನುವ ಮಾತಿಗೆ ಕಿವಿ ಕೊಡಬೇಡಿ. ನಿಮಗೆ ಬೇಕಾದದ್ದು ಒಂದೇ ಮಾಹಿತಿ: ಇದೇ ನಂಬರನ್ನು ಇದೇ ಆಫೀಸಿನಲ್ಲಿ ಇನ್ನೂ ಯಾರಾದರೂ ಕೇಳಿದ್ದಾರಾ?

ದೊಡ್ಡ ದೊಡ್ಡ ಮೊತ್ತದ ಸುದ್ದಿ ವಾಟ್ಸ್‌ಆ್ಯಪ್‌ನಲ್ಲಿ ನಿಮಗೂ ಬಂದಿರುತ್ತದೆ. ಅವುಗಳಲ್ಲಿ ಕೆಲವು ನಿಜವೇ. 2022ರಲ್ಲಿ ಚಂಡೀಗಢದಲ್ಲಿ ಒಬ್ಬರು ಸುಮಾರು 71 ಸಾವಿರದ ಆ್ಯಕ್ಟಿವಾಗೆ 0001 ಹಾಕಿಸಲು 15.44 ಲಕ್ಷ ಕೊಟ್ಟರು. ಕೊಚ್ಚಿಯಲ್ಲಿ 2025ರ ಏಪ್ರಿಲ್‌ನಲ್ಲಿ 0007 ಸುಮಾರು 46 ಲಕ್ಷಕ್ಕೆ ಹೋಯಿತು, ಅದು ಲ್ಯಾಂಬೋರ್ಗಿನಿಗೆ. ನಮ್ಮ ಪಕ್ಕದ ಹೈದರಾಬಾದಿನಲ್ಲಿ, ತೆಲಂಗಾಣದ ನಂಬರಿಗೆ ಟಿಎಸ್ ಹೋಗಿ ಟಿಜಿ ಬಂದ 2024ರಲ್ಲೇ, ಖೈರತಾಬಾದ್ ಕಚೇರಿಯಲ್ಲಿ 9999 ನಂಬರ್ 25 ಲಕ್ಷ ದಾಟಿತು.

ಹರಿಯಾಣದ ಸುದ್ದಿಯನ್ನು ಮಾತ್ರ ಪೂರ್ತಿ ಓದಬೇಕು. 2025ರ ನವೆಂಬರ್‌ನಲ್ಲಿ ಎಚ್‌ಆರ್ 88 ಬಿ 8888 ಅನ್ನುವ ನಂಬರಿಗೆ 1.17 ಕೋಟಿ ಕೂಗಿದರು. ಬಿ ಅಕ್ಷರವೂ 8ರ ಹಾಗೇ ಕಾಣುತ್ತದೆ, ಅದಕ್ಕೆ ಅಷ್ಟು ಪೈಪೋಟಿ. ದೇಶವೆಲ್ಲಾ ಸುದ್ದಿಯಾಯಿತು. ಆದರೆ ಕೂಗಿದವರು ದುಡ್ಡು ಕಟ್ಟಲೇ ಇಲ್ಲ. ಆ ನಂಬರನ್ನು ಮತ್ತೆ ಹರಾಜಿಗೆ ಇಡಬೇಕಾಯಿತು. ಮೊದಲ ಸುದ್ದಿ ಎಲ್ಲರಿಗೂ ತಲುಪಿತು, ಎರಡನೆಯದು ಅಷ್ಟು ಜನರಿಗೆ ತಲುಪಲಿಲ್ಲ. ಏಜೆಂಟರು ತೋರಿಸುವುದು ಮೊದಲ ಸುದ್ದಿಯನ್ನೇ. ಕೂಗಿದ ಮೊತ್ತ ಬೇರೆ, ಕಟ್ಟಿದ ಮೊತ್ತ ಬೇರೆ.

ಹೊರದೇಶದಲ್ಲಿ ನಂಬರ್ ನಿಜಕ್ಕೂ ಆಸ್ತಿ. ಬ್ರಿಟನ್‌ನಲ್ಲಿ ಡಿವಿಎಲ್‌ಎ ಅನ್ನುವ ಸರ್ಕಾರಿ ಸಂಸ್ಥೆ 1989ರಿಂದ ನಂಬರ್ ಮಾರುತ್ತಿದೆ. ಅಲ್ಲಿ ಕಾರು ಮಾರಿ ನಂಬರನ್ನು ಮಾತ್ರ ನಿಮ್ಮ ಹತ್ತಿರ ಇಟ್ಟುಕೊಳ್ಳಬಹುದು. ಪತ್ರದ ರೂಪದಲ್ಲಿ ಹಿಡಿದಿಟ್ಟುಕೊಂಡು ವರ್ಷಗಳ ನಂತರ ಬೇರೆಯವರಿಗೆ ಮಾರಬಹುದು. 2014ರಲ್ಲಿ ಅಲ್ಲಿ ‘25 ಓ’ ಅನ್ನುವ ಪ್ಲೇಟ್ ಶುಲ್ಕವೆಲ್ಲಾ ಸೇರಿ 5.18 ಲಕ್ಷ ಪೌಂಡ್‌ಗೆ ಹೋಯಿತು. ತೆಗೆದುಕೊಂಡವರು ಫೆರಾರಿ ವ್ಯಾಪಾರಿ. ಅವರಿಗೆ ಬೇಕಿದ್ದದ್ದು ಹಳೆಯ ಫೆರಾರಿ 250 ಕಾರಿಗೆ ಹೊಂದುವ 250 ಅನ್ನುವ ನೋಟ. ದುಬೈನಲ್ಲಿ 2023ರ ಏಪ್ರಿಲ್‌ನಲ್ಲಿ ‘ಪಿ 7’ ಪ್ಲೇಟ್ 5.5 ಕೋಟಿ ದಿರ್ಹಮ್‌ಗೆ ಹೋಯಿತು. ನಮ್ಮ ರೂಪಾಯಿಯಲ್ಲಿ ನೂರಿಪ್ಪತ್ತು ಕೋಟಿಗೂ ಮೇಲೆ. ಆ ದುಡ್ಡು ಬಡವರ ಊಟದ ದಾನ ಯೋಜನೆಗೆ ಹೋಯಿತು. ಗಲ್ಫ್‌ನಲ್ಲಿ ದುಡಿಯುವ ನಮ್ಮ ಕಡೆಯ ಹುಡುಗರು ಈ ವಿಡಿಯೋ ಕಳಿಸಿ ‘ನಂಬರಲ್ಲಿ ಎಷ್ಟು ದುಡ್ಡಿದೆ ನೋಡ್ರಿ’ ಅಂತಾರೆ. ಅಲ್ಲಿ ನಂಬರ್ ಕೈಯಿಂದ ಕೈಗೆ ಹೋಗುತ್ತದೆ. ಬೆಲೆ ಏರುವುದು ಅದರಿಂದ.

ನಮ್ಮಲ್ಲಿ ನಂಬರ್ ಗಾಡಿಗೆ ಕಟ್ಟಿದ್ದು. ಮೋಟಾರು ವಾಹನ ಕಾಯ್ದೆ 1988ರ ಪ್ರಕಾರ ಅದನ್ನು ಕೊಡುವುದು ನೋಂದಣಿ ಪ್ರಾಧಿಕಾರ. ನೀವು ಅದನ್ನು ಬಿಡಿಯಾಗಿ ಇನ್ನೊಬ್ಬರಿಗೆ ಮಾರುವ ಹಾಗಿಲ್ಲ. ಕಾರು ಮಾರಿದರೆ ನಂಬರೂ ಅದರ ಜೊತೆ ಹೋಗುತ್ತದೆ. ದೆಹಲಿಯಂಥ ಕೆಲವು ಕಡೆ ಹಳೇ ಗಾಡಿಯ ನಂಬರನ್ನು ಅದೇ ಮಾಲೀಕನ ಹೊಸ ಗಾಡಿಗೆ ಉಳಿಸಿಕೊಡುವ ನಿಯಮ ಮಾಡಿದ್ದಾರೆ. ಮೇಲೆ ಹೇಳಿದ ಆ್ಯಕ್ಟಿವಾದವರೂ ಮುಂದೆ ಅದೇ ನಂಬರನ್ನು ಕಾರಿಗೆ ಬಳಸುವ ಮಾತಾಡಿದ್ದರು. ಸಾಗಿಸಲು ಸಾಧ್ಯವಾದರೆ ಬೆಲೆ ಜಾಸ್ತಿ, ಗಾಡಿಯ ಜೊತೆಗೇ ಮುಗಿದರೆ ಕಡಿಮೆ.

ಹಳೇ ಕಾರು ಕೊಳ್ಳುವವನು ಏನು ನೋಡುತ್ತಾನೆ ಹೇಳಿ. ಯಾವ ವರ್ಷದ್ದು, ಎಷ್ಟು ಕಿಲೋಮೀಟರ್ ಓಡಿದೆ, ಟೈರ್ ಹೇಗಿದೆ, ಅಪಘಾತ ಆಗಿದೆಯಾ, ಎಷ್ಟನೇ ಮಾಲೀಕ. ನಂಬರ್ ಚೆನ್ನಾಗಿದ್ದರೆ ಗಿರಾಕಿ ಬೇಗ ಸಿಗಬಹುದು. ಅದೇ ನಂಬರ್ ಇಷ್ಟಪಡುವವನೇ ಬಂದರೆ ಹತ್ತಿಪ್ಪತ್ತು ಸಾವಿರ ಮೇಲೆ ಕೊಡಲೂಬಹುದು. ಆದರೆ ಅವನಿಗೆ ಅದೇ ಮಾಡೆಲ್, ಅದೇ ಬಣ್ಣ ಬೇಕಾಗಿ, ನಿಮ್ಮ ನಂಬರೂ ಇಷ್ಟವಾಗಬೇಕು. ಈ ಮೂರೂ ಕೂಡಿ ಬರುವುದು ಕಷ್ಟ. ಕೆಲವೊಮ್ಮೆ ಉಲ್ಟಾ ಆಗುವುದೂ ಇದೆ. ನೀವು ಪ್ರೀತಿಯಿಂದ ತೆಗೆದುಕೊಂಡ 8888 ಶನಿಗೆ ಹೆದರುವವನಿಗೆ ಬೇಡವಾಗುತ್ತದೆ.

ವಿಮೆಯ ಲೆಕ್ಕವೂ ಕೇಳಿ. ಕಾರಿಗೆ ಐಡಿವಿ, ಅಂದರೆ ವಿಮೆಯವರು ಗಾಡಿಗೆ ಇಡುವ ಬೆಲೆ, ಕಟ್ಟುವಾಗ ಕಂಪನಿಯ ಮಾರಾಟ ಬೆಲೆಯಿಂದ ಸವಕಳಿ ಕಳೆಯುತ್ತಾರೆ. ನೋಂದಣಿ ಖರ್ಚು ಅದರೊಳಗೆ ಬರುವುದಿಲ್ಲ. ನಂಬರಿಗೆ ನೀವು ಲಕ್ಷ ಕೊಟ್ಟಿದ್ದರೂ ಐಡಿವಿ ಒಂದು ರೂಪಾಯಿ ಏರುವುದಿಲ್ಲ. ಗಾಡಿ ಕಳುವಾದರೆ, ಪೂರ್ತಿ ಜಖಂ ಆದರೆ, ಆ ದುಡ್ಡು ಅಲ್ಲಿಗೆ ಹೋಯಿತು.

ಬೀದರ್, ಚಿಂಚೋಳಿ, ಸೇಡಂ ಕಡೆಯವರು ಇನ್ನೊಂದು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ತೆಲಂಗಾಣದ ಜಹೀರಾಬಾದ್ ಪಕ್ಕದಲ್ಲೇ ಇದೆ, ಹೈದರಾಬಾದ್ ದೂರವಿಲ್ಲ. ಅಲ್ಲಿ ಹಳೇ ಕಾರು ಚೆನ್ನಾಗಿ ಸಿಗುತ್ತವೆ. ‘ಫ್ಯಾನ್ಸಿ ನಂಬರ್ ಇದೆ, ಅದಕ್ಕೆ ಐವತ್ತು ಸಾವಿರ ಜಾಸ್ತಿ’ ಅಂತ ಮಾರುವವನು ಹೇಳುತ್ತಾನೆ. ಆದರೆ ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ ಹನ್ನೆರಡು ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡರೆ ಕಾಯ್ದೆಯ 47ನೇ ಸೆಕ್ಷನ್ ಪ್ರಕಾರ ಇಲ್ಲಿಯ ನಂಬರ್ ಹಾಕಿಸಬೇಕು. ಅಲ್ಲಿಯ ಆರ್‌ಟಿಒದಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನುವ ಪತ್ರ) ತಂದು, ತೆರಿಗೆ ಕಟ್ಟಿ ಕೆಎ ನಂಬರ್ ಬಂದ ದಿನ ಆ ಟಿಜಿ 9999 ಮುಗಿಯಿತು. ಐವತ್ತು ಸಾವಿರವೂ ಮುಗಿಯಿತು. ಅದೇ ಬೆಂಗಳೂರಿನ ಕೆಎ 01 ಗಾಡಿ ತಂದರೆ ಈ ತೊಂದರೆ ಇಲ್ಲ. ರಾಜ್ಯದೊಳಗೆ ವಿಳಾಸ, ಹೆಸರು ಬದಲಾದರೂ ನಂಬರ್ ಹಾಗೇ ಉಳಿಯುತ್ತದೆ.

ಈಗ ತಮ್ಮನ 8055ಕ್ಕೆ ಬರೋಣ. ಈ ನಂಬರ್ ಹೆಸರು ಮಾಡಿದ್ದು ಅಂಕಿಯಿಂದ ಅಲ್ಲ, ಬರವಣಿಗೆಯಿಂದ. ಪ್ಲೇಟ್ ಬರೆಯುವ ಪೇಂಟರ್ 8ರ ಎಡಗಡೆ ನೇರ ಮಾಡಿ ಬಿ ಮಾಡುತ್ತಿದ್ದ. ಸೊನ್ನೆ ಹಾಗೇ ಓ. ಎರಡು 5ರ ಮೂಲೆ ಉರುಟು ಮಾಡಿದರೆ ಎರಡು ಎಸ್. ದೂರದಿಂದ ನೋಡಿದರೆ ‘ಬಾಸ್’. ಹಾಗೇ 4141ನ್ನು ತಿರುಚಿ ಹಿಂದಿಯಲ್ಲಿ ‘ಪಾಪಾ’ ಅಂತ, 214ನ್ನು ‘ರಾಮ್’ ಅಂತ ಬರೆಯುತ್ತಿದ್ದರು. ಕೈಚಳಕ ಚೆನ್ನಾಗಿತ್ತು, ಆದರೆ ಅದು ಆಗಲೂ ನಿಯಮಕ್ಕೆ ವಿರುದ್ಧ. ಕೇಂದ್ರ ಮೋಟಾರು ವಾಹನ ನಿಯಮ 1989ರಲ್ಲಿ ಕಾರಿನ ನಂಬರಿನ ಎತ್ತರ 65 ಮಿಲಿಮೀಟರ್, ದಪ್ಪ 10 ಮಿಲಿಮೀಟರ್, ನಡುವಿನ ಜಾಗ 10 ಮಿಲಿಮೀಟರ್ ಅಂತ ಬರೆದೇ ಇದೆ.

2019ರ ಏಪ್ರಿಲ್ 1ರಿಂದ ಹೊಸ ಗಾಡಿಗೆಲ್ಲಾ ಎಚ್‌ಎಸ್‌ಆರ್‌ಪಿ, ಅಂದರೆ ಹೆಚ್ಚಿನ ಭದ್ರತೆಯ ನಂಬರ್ ಪ್ಲೇಟ್ ಕಡ್ಡಾಯ. ನಿಮ್ಮ ಕಾರಿಗೂ ಅದೇ ಬರುತ್ತದೆ. ಹತ್ತಿರ ಹೋಗಿ ಒಮ್ಮೆ ನೋಡಿ. ಅಲ್ಯುಮಿನಿಯಂ ತಗಡು. ಎಡಗಡೆ ಮೇಲೆ ಅಶೋಕ ಚಕ್ರದ ಹೊಳೆಯುವ ಹೊಲೋಗ್ರಾಂ. ಅದರ ಕೆಳಗೆ ನೀಲಿಯಲ್ಲಿ ಐಎನ್‌ಡಿ. ಮೂಲೆಯಲ್ಲಿ ಲೇಸರಿನಿಂದ ಕೊರೆದ ಸಣ್ಣ ಗುರುತಿನ ಸಂಖ್ಯೆ. ಉಬ್ಬಿದ ಅಂಕಿಗಳ ಮೇಲೆ ಕೈಯಾಡಿಸಿದರೆ ಎಲ್ಲಾ ಒಂದೇ ಅಚ್ಚಿನವು. ಹಿಂದಿನ ಪ್ಲೇಟ್ ಕೂರಿಸಿರುವುದು ಬಿಚ್ಚಲು ಬಾರದ ಸ್ನ್ಯಾಪ್ ಲಾಕ್‌ನಲ್ಲಿ. ಇದರಲ್ಲಿ 8055 ಬರೀ 8055 ಆಗಿಯೇ ಕಾಣುತ್ತದೆ. ಅದರ ಮೇಲೆ ಸ್ಟಿಕ್ಕರ್ ಅಂಟಿಸಿದರೆ, ಬಣ್ಣ ಬಳಿದರೆ ದಂಡ. ಬರವಣಿಗೆಯ ಕಾಲದಲ್ಲಿ ಆ ನಂಬರಿಗೆ ಇದ್ದ ಅರ್ಧ ಬೆಲೆ ಈಗ ಇಲ್ಲ ಅಂತ ನನ್ನ ಅನಿಸಿಕೆ. ಹೆಸರು ಇನ್ನೂ ಓಡುತ್ತಿದೆ, ಅದಕ್ಕೇ ಜನ ಇನ್ನೂ ಕೊಡುತ್ತಿದ್ದಾರೆ. ತಮ್ಮ ಇಷ್ಟಪಟ್ಟರೆ ತೆಗೆದುಕೊಳ್ಳಲಿ, ಆದರೆ ಕನಿಷ್ಠ ಮೊತ್ತ ದಾಟಿ ಕೂಗಬೇಡಿ.

ಅಪ್ಪನ ಆಸೆ ಇದೆಯಲ್ಲ, ಅದು ಎಲ್ಲಕ್ಕಿಂತ ಸುಲಭ. ಕೂಡಿದರೆ 9 ಬರುವ ನಂಬರ್ ಅಪರೂಪ ಅಂತ ಹೇಳಿ ದುಡ್ಡು ಕೇಳುವವರಿದ್ದಾರೆ. ಲೆಕ್ಕ ನೋಡಿ. 1ರಿಂದ 9999ರವರೆಗೆ ಹಾಗೆ 9 ಬರುವ ನಂಬರುಗಳು 1,111. ಪ್ರತಿ ಒಂಬತ್ತನೇ ನಂಬರೂ ಅದೇ. 4500 ಕೂಡಿದರೆ 9. ಮುಂದೆ 4509, ಅದು 18, ಮತ್ತೆ ಕೂಡಿದರೆ 9. ಆಮೇಲೆ 4518, 4527, 4536. ಸೀರೀಸ್ ಎಲ್ಲಿಗೇ ಬಂದಿರಲಿ, ಮುಂದಿನ ಒಂಬತ್ತು ನಂಬರಿನೊಳಗೆ ಅಪ್ಪನ ನಂಬರ್ ಇದ್ದೇ ಇರುತ್ತದೆ. ಏನೂ ಕೇಳದೆ ಬರುವ ನಂಬರ್ ನಮ್ಮ ಕೈಯಲ್ಲಿ ಇಲ್ಲ. ಆದರೂ ಅದು 9 ಆಗಿರುವ ಸಾಧ್ಯತೆ ಒಂಬತ್ತರಲ್ಲಿ ಒಂದು. ಅಷ್ಟಕ್ಕೆ ಬಿಡುವುದು ಬೇಡ ಅನಿಸಿದರೆ ನಿಗದಿತ ಶುಲ್ಕ ಕಟ್ಟಿ ಅಂಥದ್ದೊಂದನ್ನು ಕಾಯ್ದಿರಿಸಿ. ಇಷ್ಟು ನಂಬರ್ ಇರುವಾಗ ಪೈಪೋಟಿಯೇ ಹುಟ್ಟುವುದಿಲ್ಲ. ತಮ್ಮನ 9999 ಕೂಡಿದರೂ 36, ಅಂದರೆ 9. 8055 ಕೂಡಿದರೆ 18, ಅದೂ 9. ಹಾಗಾಗಿ ಮನೆಯಲ್ಲಿ ಜಗಳವೇ ಬೇಕಾಗಿಲ್ಲ.

ಒಂದನ್ನು ಮಾತ್ರ ಅಪ್ಪನ ಹತ್ತಿರ ಮೊದಲೇ ಕೇಳಿಕೊಳ್ಳಿ. ಅವರು ನಂಬುವ ಪಂಡಿತರು ಕೊನೆಯ ನಾಲ್ಕು ಅಂಕಿ ಮಾತ್ರ ಕೂಡುತ್ತಾರಾ, ಅಥವಾ 32ನ್ನೂ ಸೇರಿಸುತ್ತಾರಾ? ಕೆಲವರು ಅಕ್ಷರಗಳಿಗೂ ಅಂಕಿ ಕೊಟ್ಟು ಕೂಡುತ್ತಾರೆ. 32 ಸೇರಿಸಿದರೆ ನಮ್ಮ 4500 ಕೂಡಿ 14, ಅಂದರೆ 5 ಆಗಿಬಿಡುತ್ತದೆ. ನಂಬರ್ ಬಂದ ಮೇಲೆ ಈ ಮಾತು ಎದ್ದರೆ ಯಾರೂ ಏನೂ ಮಾಡಲು ಆಗುವುದಿಲ್ಲ.

ಕೆಲಸದ ವಿಷಯ. ಡೀಲರ್‌ಗೆ ಇವತ್ತೇ ಹೇಳಿ, ನಂಬರ್ ಆರಿಸಿಕೊಳ್ಳಬೇಕು, ಅಲ್ಲಿಯವರೆಗೆ ನೋಂದಣಿಗೆ ಕಳಿಸಬೇಡಿ ಅಂತ. ಈಗ ಡೀಲರ್ ಕಂಪ್ಯೂಟರಿನಲ್ಲೇ ನೋಂದಣಿ ಆಗುವುದರಿಂದ ತೆರಿಗೆ ಕಟ್ಟಿದ ಮೇಲೆ ನಂಬರ್ ಬಂದುಬಿಡುತ್ತದೆ. ಒಮ್ಮೆ ಬಂದದ್ದು ಇಷ್ಟವಾಗಲಿಲ್ಲ ಅಂತ ಬದಲಾಯಿಸುವ ಹಾಗಿಲ್ಲ. ನೌಕರಿ ಕಾರಣಕ್ಕೆ, ರಾಜ್ಯ ಬದಲಾದರೂ ನಂಬರ್ ಬದಲಾಗದ ಬಿಎಚ್ ಸೀರೀಸ್ ತೆಗೆದುಕೊಳ್ಳುವ ಯೋಚನೆ ಇದ್ದರೆ ಅದರಲ್ಲಿ ನಂಬರ್ ಆಯ್ಕೆಯೇ ಇಲ್ಲ, ಕಂಪ್ಯೂಟರ್ ಕೊಟ್ಟದ್ದೇ. ಶುಲ್ಕದ ದರ ಸರ್ಕಾರಿ ಆದೇಶದಿಂದ ಆಗಾಗ ಬದಲಾಗುತ್ತದೆ, ಹಾಗಾಗಿ ಹಳೇ ದರ ನಂಬಿ ಹೋಗಬೇಡಿ. ಕಟ್ಟುವ ದಿನದ ದರವನ್ನು ಆರ್‌ಟಿಒ ಕೌಂಟರಿನಲ್ಲೇ ಕೇಳಿ. ಅದೇ ಹೊತ್ತಿಗೆ ಈಗ ಯಾವ ಸೀರೀಸ್ ಓಡುತ್ತಿದೆ, ಎಷ್ಟಕ್ಕೆ ಬಂದಿದೆ, ನಿಮ್ಮ ನಂಬರನ್ನು ಬೇರೆ ಯಾರಾದರೂ ಕೇಳಿದ್ದಾರಾ ಅಂತಲೂ ಕೇಳಿ. ಕಾಯ್ದಿರಿಸಿದ ನಂಬರನ್ನು ಎಷ್ಟು ದಿನದೊಳಗೆ ಗಾಡಿಗೆ ಹಾಕಿಸಬೇಕು ಅನ್ನುವುದನ್ನು ಬರೆದುಕೊಂಡು ಬನ್ನಿ. ಆ ಗಡುವು ಮೀರಿದರೆ ನಂಬರೂ ಹೋಗುತ್ತದೆ, ದುಡ್ಡೂ ಹೋಗುತ್ತದೆ. ಡೆಲಿವರಿ ತಡವಾಗುವ ಸೂಚನೆ ಇದ್ದರೆ ಇದು ಇನ್ನೂ ಮುಖ್ಯ.

ಏಜೆಂಟ್ ಕೈಗೆ ನಗದು ಕೊಡಬೇಡಿ. ದುಡ್ಡು ಹೋಗಬೇಕಾದದ್ದು ಸರ್ಕಾರದ ಖಾತೆಗೆ, ರಸೀದಿ ಬರಬೇಕಾದದ್ದು ಗಾಡಿ ಯಾರ ಹೆಸರಿಗೆ ನೋಂದಣಿ ಆಗುತ್ತದೋ ಅವರ ಹೆಸರಿಗೆ. ಅಪ್ಪನ ಹೆಸರಿನಲ್ಲಿ ಕಾರು, ತಮ್ಮನ ಹೆಸರಿನಲ್ಲಿ ರಸೀದಿ ಅಂತಾದರೆ ಅಲ್ಲೇ ಕೆಲಸ ನಿಲ್ಲುತ್ತದೆ. ‘ಒಳಗಿನವರಿಗೆ ಕೊಡಬೇಕು’ ಅಂತ ರಸೀದಿ ಇಲ್ಲದ ಮೊತ್ತ ಕೇಳಿದರೆ ಎದ್ದು ಬನ್ನಿ.

ನನ್ನನ್ನು ಕೇಳಿದರೆ, ನಿಮ್ಮ ಮನೆಗೆ ಇದುವರೆಗೆ ಹಿಡಿದುಕೊಂಡು ಬಂದ ನಂಬರ್ ಯಾವುದೂ ಇಲ್ಲ ಅನಿಸುತ್ತದೆ, ಪ್ರಶ್ನೆಯಲ್ಲಿ ನೀವು ಅದನ್ನು ಬರೆದಿಲ್ಲ. ಹಾಗಿದ್ದರೆ 9999ರ ಹಿಂದೆ ಓಡುವ ಬದಲು ಕೂಡಿದರೆ 9 ಬರುವ, ಮನೆಯವರಿಗೆ ಅರ್ಥವಿರುವ ಒಂದು ತಾರೀಕು ಹುಡುಕಿ. ಅಪ್ಪ ಅಮ್ಮನ ಮದುವೆ, ಮನೆಯ ಗೃಹಪ್ರವೇಶ, ಯಾರದಾದರೂ ಹುಟ್ಟಿದ ದಿನ. ಉದಾಹರಣೆಗೆ ಮೇ 22 ಅಂದರೆ 2205, ಕೂಡಿದರೆ 9. ಜನವರಿ 26 ಅಂದರೆ 2601, ಅದೂ 9. ಅಂಥ ನಂಬರಿಗೆ ಎದುರು ಕೂಗುವವರು ಇರುವುದಿಲ್ಲ, ಕನಿಷ್ಠ ಶುಲ್ಕಕ್ಕೇ ಕೈಗೆ ಬರುತ್ತದೆ. ಉಳಿದ ದುಡ್ಡಿನಲ್ಲಿ ಝೀರೋ ಡೆಪ್, ಅಂದರೆ ಬಿಡಿಭಾಗಗಳಿಗೆ ಸವಕಳಿ ಕಳೆಯದ ವಿಮೆ ಮಾಡಿಸಿ.